ಒಕ್ಕಲುಮನೆಯ ನಾಯಿಮರಿ

ಬತ್ತದ ಕೊಯ್ಲು ತೀರಿ ಕಣದ ಕೆಲಸ ಸಾಗುವ ತಿಂಗಳುಗಳಲ್ಲಿಯೇ ಅಂಬೇವಾಡಿಯ ಸುತ್ತಲಿನ ಒಕ್ಕಲುಮನೆಗಳಿಗೆ ನಾಯಿಮರಿಗಳು ಬಂದು ಸೇರುವುದು ಹೆಚ್ಚು. ಈ ದೇಶದ ಊರುನಾಯಿಗಳು ಬಹುಮಟ್ಟಿಗೆ ಮಳೆಗಾಲ ಕಳೆದ ಮೇಲೆ ಮರಿ ಹಾಕುವುದರಿಂದ ಸುಗ್ಗಿಗೂ ಮರಿಗಳಿಗೂ ಕಾಲ ಕೂಡಿಬರುತ್ತದೆ. ಮರಿಗೆ ಕ್ರಯವಿಲ್ಲ. ನೆರೆಮನೆಯ ಹಿತ್ತಲಿನಲ್ಲಿಯೋ, ಹುಲ್ಲಿನ ಬಣವೆಯ ಬುಡದಲ್ಲಿಯೋ ಹುಟ್ಟಿದ ನಾಲ್ಕಾರು ಮರಿಗಳಲ್ಲಿ ಒಂದನ್ನು ಮಕ್ಕಳು ಎತ್ತಿಕೊಂಡು ಬರುವರು. ಮನೆಯ ಹಿರಿಯರು ಮೊದಲು ಗದರಿಸಿ, ಆಮೇಲೆ ಒಂದು ಹಳೆಯ ತಟ್ಟೆಯನ್ನು ಹುಡುಕಿಕೊಡುವರು. ಕ್ರಯವಿಲ್ಲದೆ ಬಂದುದಕ್ಕೆ ಆರೈಕೆಯೂ ಇಲ್ಲದೆ ಹೋಗುವುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ. ಅದೇ ಮನೆಯ ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಗಿಣ್ಣುಹಾಲು ಕುಡಿಯಿತೇ ಎಂದು ನೋಡುವವರುಂಟು, ಜಂತಿನ ಔಷಧ ಹಾಕಿಸುವವರುಂಟು, ಕಾಲುಬಾಯಿ ಬೇನೆಯ ಲಸಿಕೆಯ ದಿನವನ್ನು ನೆನಪಿಡುವವರುಂಟು. ನಾಯಿಮರಿಗೆ ಇವುಗಳಲ್ಲಿ ಒಂದೂ ಸಲ್ಲುವುದಿಲ್ಲ. ಬದುಕಿದರೆ ಬದುಕಿತು, ಸತ್ತರೆ ಮುಂದಿನ ಸುಗ್ಗಿಗೆ ಇನ್ನೊಂದು, ಎಂಬ ಎಣಿಕೆಯಿಂದ ಸಾಕುವ ಪದ್ಧತಿಯು ಮರಿಗೆ ಮಾತ್ರವಲ್ಲದೆ ಮನೆಯ ಮಕ್ಕಳಿಗೂ, ಕೊಟ್ಟಿಗೆಯ ದನಗಳಿಗೂ, ಹಿಂದಿರುವ ಕಾಡಿಗೂ ಕೇಡು ತರತಕ್ಕದ್ದಾಗಿದೆ.

ಅಂಬೇವಾಡಿಯು ದಾಂಡೇಲಿಗೆ ಅಂಟಿಕೊಂಡಿರುವ ಊರು. ಅಳ್ನಾವರದಿಂದ ಬರುವ ರೈಲುಹಾದಿಯು ಇಲ್ಲಿ ಮುಗಿಯುತ್ತದೆ. ಕಾಡು ಇಲ್ಲಿಂದ ಮೊದಲಾಗುತ್ತದೆ ಎಂದರೂ ಸಲ್ಲುವುದು. ೧೯೫೬ರಲ್ಲಿ ವನ್ಯಧಾಮವೆಂದೂ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಗೊತ್ತುಮಾಡಲ್ಪಟ್ಟು, ೨೦೧೫ರಲ್ಲಿ ಕಾಳಿ ನದಿಯ ಹೆಸರನ್ನು ಪಡೆದ ಅರಣ್ಯವು ಈ ಸೀಮೆಯ ಹೊಲಗದ್ದೆಗಳ ಬೇಲಿಗೆ ಬೇಲಿಯಾಗಿ ನಿಂತಿದೆ. ಹಂದಿಯು ಗೋವಿನಜೋಳಕ್ಕೂ ಕಬ್ಬಿಗೂ ಬತ್ತಕ್ಕೂ ನುಗ್ಗುವ ಸೀಮೆಯಲ್ಲಿ ನಾಯಿಯು ವಿನೋದದ ಪ್ರಾಣಿಯಲ್ಲ. ರಾತ್ರಿಯ ಕಾವಲಿಗೆ ಅದು ಒಂದು ಆಳಿನ ಸಮಾನ; ಎಮ್ಮೆಗಳನ್ನು ಕಾಡಿನಂಚಿನಲ್ಲಿ ಮೇಯಿಸುವ ಗೌಳಿಗಳಿಗೆ ಅದು ಆಳಿಗಿಂತಲೂ ಹೆಚ್ಚು. ಹೀಗೆ ದುಡಿಮೆಗೆ ಬರುವ ಪ್ರಾಣಿಯನ್ನು ಒಕ್ಕಲಿಗನು ತನ್ನ ಜಾನುವಾರುಗಳ ಲೆಕ್ಕದಲ್ಲಿ ಹಿಡಿಯದಿರುವುದು ಆಶ್ಚರ್ಯ.

ಒಕ್ಕಲಿಗನೊಬ್ಬನೇ ಅಲ್ಲ, ಸರಕಾರದ ಪಟ್ಟಿಗಳಲ್ಲಿಯೂ ನಾಯಿಯ ಸ್ಥಾನ ಹೀಗೆಯೇ ಅನಿಶ್ಚಿತವಾಗಿದೆ. ವನ್ಯಧಾಮದಿಂದ ಐದು ಕಿಲೋಮೀಟರುಗಳ ಒಳಗಿನ ಜಾನುವಾರುಗಳಿಗೆ ಅಂಟುರೋಗದ ಲಸಿಕೆಯನ್ನು ಹಾಕಿಸಬೇಕೆಂದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ಸೇರಿಸಿದ ಒಂದು ಕಲಮು ಹೇಳುತ್ತದೆ. ಆದರೆ ಜಾನುವಾರು ಎಂದರೆ ಯಾವುವೆಂದು ಅದೇ ಕಾಯಿದೆಯು ಹೆಸರಿಟ್ಟು ಎಣಿಸುವಾಗ ಎತ್ತು, ಎಮ್ಮೆ, ಆಡು, ಕುರಿ, ಕತ್ತೆ, ಒಂಟೆಗಳು ಬರುತ್ತವೆಯೇ ಹೊರತು ನಾಯಿ ಬರುವುದಿಲ್ಲ. ೨೦೧೯ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರೋಗನಿಯಂತ್ರಣದ ಏರ್ಪಾಟಿನಲ್ಲಿಯೂ ಹಾಗೆಯೇ: ಕಾಲುಬಾಯಿ ಬೇನೆಯ ಲಸಿಕೆಯವರು ಕಿವಿಯ ಬಿಲ್ಲೆಯನ್ನು ನೋಡಿಕೊಂಡು ಬಾಗಿಲಿಗೇ ಬರುವರು; ಅವರ ಕಾಲಿಗೆ ತೊಡರುತ್ತ ಬೊಗಳುವ ಮರಿಗೆ ಅವರ ಪೆಟ್ಟಿಗೆಯಲ್ಲಿ ಏನೂ ಇರುವುದಿಲ್ಲ. ಜಾನುವಾರು ಗಣತಿಯಲ್ಲಿ ಮಾತ್ರ ನಾಯಿಯನ್ನು ಎಣಿಸುವರು. ಎಣಿಕೆಗೆ ಉಂಟು, ಆರೈಕೆಗೆ ಇಲ್ಲ.

ಕನ್ನಡನಾಡಿನ ಹಿಂದಿನವರು ಈ ವಿಷಯದಲ್ಲಿ ಇಷ್ಟು ಕೃಪಣರಾಗಿರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ ಒಂದು ನಾಯಿಯನ್ನು ಕೇಳಿದನು; ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು; ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟರು. ಇದು ನಡೆದುದು ಹತ್ತನೆಯ ಶತಮಾನದ ನಡುವೆ. ಆ ನಾಯಿಯ ಹೆಸರು ಕಾಳಿ. ಅಂಬೇವಾಡಿಯ ಬಳಿ ಹರಿಯುವ ನದಿಯ ಹೆಸರೂ ಅದೇ ಆಗಿರುವುದು ಕಾಕತಾಳೀಯವಾದರೂ ಹಂದಿಯ ಕಾಟವಂತೂ ಎರಡು ಕಡೆಯೂ ಒಂದೇ.

ಇನ್ನು ಮರಿಯನ್ನು ತರುವ ಕ್ರಮ. ಬಹುತೇಕ ಮನೆಗಳಲ್ಲಿ ತಪ್ಪು ಇಲ್ಲಿಂದಲೇ ಮೊದಲಾಗುತ್ತದೆ. ಕಣ್ಣು ತೆರೆದು ತಪ್ಪುಹೆಜ್ಜೆ ಇಡತೊಡಗಿದ ಮರಿಯು ನೋಡಲು ಚೆನ್ನ. ಆದುದರಿಂದ ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಅಗಲಿಸಿ ತಂದುಬಿಡುವರು. ಮರಿಯ ಕಣ್ಣು ಹತ್ತರಿಂದ ಹದಿನಾಲ್ಕು ದಿನಕ್ಕೆ ತೆರೆಯುತ್ತದೆ, ಹಾಲುಹಲ್ಲು ಮೂರನೆಯ ವಾರದಿಂದ ಮೂಡುತ್ತದೆ. ಆದರೆ ತಾಯಿಯನ್ನು ಬಿಟ್ಟಿರುವ ಶಕ್ತಿಯು ಎಂಟು ವಾರ ತುಂಬುವವರೆಗೆ ಬರುವುದಿಲ್ಲ. ಹಾಲು ಒಂದರ ಪ್ರಶ್ನೆಯಲ್ಲ. ಒಡಹುಟ್ಟಿದ ಮರಿಗಳೊಡನೆ ಕಚ್ಚಾಡುವಾಗಲೇ ಎಷ್ಟು ಕಚ್ಚಿದರೆ ನೋವಾಗುವುದೆಂಬುದನ್ನು ಮರಿಯು ಕಲಿಯುತ್ತದೆ. ಈ ಪಾಠವಿಲ್ಲದೆ ಬೆಳೆದ ನಾಯಿಯು ಮುಂದೆ ಮಕ್ಕಳ ಕೈಯನ್ನು ಆಟದಲ್ಲಿಯೇ ಗಾಯಮಾಡುವುದು. ಮಕ್ಕಳು ಹಟ ಹಿಡಿದರೆ ಮರಿಯನ್ನು ಗೊತ್ತುಮಾಡಿ ಹೆಸರಿಟ್ಟು ಬರಲಿ, ದಿನವೂ ಹೋಗಿ ಎತ್ತಾಡಿಸಿ ಬರಲಿ. ತರುವುದು ಎರಡು ತಿಂಗಳಾದ ಮೇಲೆ.

ತರುವ ದಿನ ತಾಯಿ ಮಲಗುವ ಗೋಣಿಯ ತುಂಡೊಂದನ್ನು ಜೊತೆಗೇ ತಂದರೆ, ತಾಯಿಯ ವಾಸನೆಯಿಂದ ಮರಿಯು ಮೊದಲಿನ ರಾತ್ರಿಗಳಲ್ಲಿ ಅಷ್ಟು ಕೂಗುವುದಿಲ್ಲ. ಪುಷ್ಯ ಮಾಘಗಳ ಚಳಿಯು ಕಾಡಿನಂಚಿನ ಈ ಊರುಗಳಲ್ಲಿ ಸಣ್ಣದಲ್ಲ. ಬರಿಯ ನೆಲದ ಮೇಲೆ ಮಲಗಿಸದೆ, ಹಣ್ಣಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಇರಿಸಿ, ಒಣಹುಲ್ಲು ಹಾಕಿ, ಮೇಲೆ ಗೋಣಿತಾಟು ಹಾಸಿದರೆ ಖರ್ಚಿಲ್ಲದ ಮನೆಯಾಯಿತು. ಹುಲ್ಲನ್ನು ವಾರಕ್ಕೊಮ್ಮೆ ತೆಗೆದು ಸುಡಬೇಕು. ಚಿಗಟಗಳು ಮರಿಯ ಮೈಗಿಂತ ಅದರ ಹಾಸಿಗೆಯಲ್ಲಿಯೇ ಹೆಚ್ಚಾಗಿ ಬೆಳೆಯುತ್ತವೆ.

ಆಹಾರದ ಸಂಬಂಧವಾಗಿ ಎರಡು ಬಗೆಯ ತಪ್ಪುಗಳು ಕಾಣುತ್ತವೆ. ಮನೆಮಂದಿಯ ಊಟವಾದ ಮೇಲೆ ಉಳಿದ ಖಾರದ ಸಾರನ್ನವನ್ನು ದಿನಕ್ಕೊಮ್ಮೆ ಸುರಿಯುವುದು ಒಂದು. ಪ್ರೀತಿಯ ಭರದಲ್ಲಿ ಆಕಳ ಹಾಲನ್ನು ಬಟ್ಟಲು ಬಟ್ಟಲಾಗಿ ಕುಡಿಸುವುದು ಇನ್ನೊಂದು. ಆಕಳ ಹಾಲಿನ ಸಕ್ಕರೆಯು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಭೇದಿಯಿಂದ ಮೈಯ ನೀರು ಹೋಗಿ ಸಣ್ಣ ಮರಿಯು ಎರಡು ದಿನದಲ್ಲಿ ಸಾಯಬಹುದು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಕೊಡುವುದು ಕ್ರಮ. ಮೆತ್ತಗೆ ಬೆಂದ ಅನ್ನ ಅಥವಾ ರಾಗಿಯ ಅಂಬಲಿ ಒಟ್ಟಿಗೆ ಬೇಯಿಸಿದ ಮೊಟ್ಟೆಯೋ, ಮುಳ್ಳು ತೆಗೆದ ಮೀನೋ, ಸ್ವಲ್ಪ ಮಾಂಸವೋ ಇರಬೇಕು. ಬರಿಯ ಅನ್ನದಿಂದ ಹೊಟ್ಟೆ ತುಂಬುವುದೇ ಹೊರತು ಎಲುಬು ಗಟ್ಟಿಯಾಗುವುದಿಲ್ಲ. ಮಾಂಸ ಬೇಯಿಸದ ಮನೆಗಳಲ್ಲಿ ಮೊಸರು ಮಜ್ಜಿಗೆಗಳೂ ಚೆನ್ನಾಗಿ ಬೆಂದ ಬೇಳೆಯೂ ಸ್ವಲ್ಪಮಟ್ಟಿಗೆ ಈ ಕೊರತೆಯನ್ನು ತುಂಬುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಇವು ನಾಯಿಗೆ ವಿಷವೇ ಸರಿ. ಬೆಂದ ಕೋಳಿಯ ಎಲುಬು ಸಿಬಿರೊಡೆದು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಕುರಿ ಆಡುಗಳನ್ನು ಕೊಯ್ದಲ್ಲಿ ಹಸಿಯ ಯಕೃತ್ತು ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ರೂಢಿಯನ್ನಂತೂ ಪೂರ್ತಿಯಾಗಿ ಬಿಡಬೇಕು. ಅವುಗಳಲ್ಲಿರುವ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳ ಬೆಳೆದು, ಅದರ ಮೊಟ್ಟೆಗಳು ಮಲದೊಡನೆ ಹುಲ್ಲಿಗೂ ನೀರಿಗೂ ಸೇರಿ, ದನಕುರಿಗಳ ಮತ್ತು ಮನುಷ್ಯರ ಯಕೃತ್ತಿನಲ್ಲಿಯೇ ಅಂಥ ಗುಳ್ಳೆಗಳು ಏಳುವುವು.

ಮರಿಯ ಹೊಟ್ಟೆಯು ಗುಡಾಣದಂತೆ ಉಬ್ಬಿದ್ದರೆ ಮನೆಯವರು ಅದನ್ನು ಪುಷ್ಟಿಯೆಂದು ಎಣಿಸಿ ಸಂತೋಷಪಡುವರು. ಬೆನ್ನೆಲುಬು ಕಾಣುತ್ತಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಸಾಮಾನ್ಯವಾಗಿ ಜಂತುಹುಳದ ಗುರುತು. ನಾಯಿಯ ದುಂಡುಹುಳವು ತಾಯಿಯ ಗರ್ಭದಲ್ಲಿಯೇ ಮರಿಗೆ ಅಂಟುತ್ತದೆ, ಹಾಲಿನಿಂದಲೂ ಬರುತ್ತದೆ. ಕೊಕ್ಕೆಹುಳವು ರಕ್ತ ಹೀರಿ ಒಸಡನ್ನು ಬಿಳಿಚುವಂತೆ ಮಾಡುತ್ತದೆ. ಆದಕಾರಣ ಜಂತಿನ ಔಷಧವನ್ನು ಎರಡನೆಯ ವಾರದಿಂದಲೇ ಆರಂಭಿಸಿ, ಮೂರು ತಿಂಗಳಾಗುವವರೆಗೆ ಹದಿನೈದು ದಿನಕ್ಕೊಮ್ಮೆಯೂ, ಆರು ತಿಂಗಳವರೆಗೆ ತಿಂಗಳಿಗೊಮ್ಮೆಯೂ, ಮರಿಯ ತೂಕವನ್ನು ನೋಡಿ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡತಕ್ಕದ್ದು. ಕರುವಿಗೆಂದು ತಂದ ಔಷಧದಲ್ಲಿ ಉಳಿದುದನ್ನು ಅಂದಾಜಿನಿಂದ ಹಾಕಬಾರದು. ದುಂಡುಹುಳದ ಮೊಟ್ಟೆಯು ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಅಂಟುವ ಶಕ್ತಿಯನ್ನು ಪಡೆದು, ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಅಂಗಳದ ಮಣ್ಣಿನಲ್ಲಿ ಆಡುವ ಕೂಸುಗಳ ಹೊಟ್ಟೆ ಸೇರಿದರೆ ಅಲ್ಲಿಂದ ಕಣ್ಣಿಗೂ ಹೋಗಬಲ್ಲದು. ಮರಿಯು ಉಂಡೊಡನೆ ಮತ್ತು ನಿದ್ದೆಯಿಂದ ಎದ್ದೊಡನೆ ಮಲ ವಿಸರ್ಜಿಸುವ ಸ್ವಭಾವದ್ದಾದುದರಿಂದ, ಆ ಹೊತ್ತಿಗೆ ಎತ್ತಿಕೊಂಡು ಹೋಗಿ ಹಿತ್ತಲಿನ ಒಂದೇ ಮೂಲೆಯಲ್ಲಿ ಬಿಟ್ಟರೆ ಎರಡು ವಾರದಲ್ಲಿ ಜಾಗವನ್ನು ಕಲಿಯುತ್ತದೆ. ಆ ಮಲವನ್ನು ದಿನವೂ ಹೂಳಬೇಕು. ಕಾಯಿಪಲ್ಲೆಯ ಮಡಿಗಳಿಗೆ ಅದು ಗೊಬ್ಬರವಲ್ಲ.

ಉಣ್ಣೆಯ ವಿಷಯವನ್ನು ಈ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ಕೇಡು ಮಾಡುವ ವಸ್ತುವು ಕೃಷಿಯ ಹೆಸರಿನಲ್ಲಿಯೇ ಮನೆಗೆ ಬರುತ್ತದೆ. ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ನೀರಿನಲ್ಲಿ ಕಲಸಿ ನಾಯಿಯ ಮೈಗೆ ಬಳಿಯುವ ಅಭ್ಯಾಸವು ಹಳ್ಳಿಗಳಲ್ಲಿ ಉಂಟು. ಹುಳವನ್ನು ಕೊಲ್ಲುವುದು ಉಣ್ಣೆಯನ್ನೂ ಕೊಲ್ಲದೆ ಇರುವುದೇ ಎಂಬುದು ತರ್ಕ. ಕೊಲ್ಲುವುದು ನಿಜ, ಆದರೆ ಮರಿಯ ಚರ್ಮವು ತೆಳುವು, ಮತ್ತು ಮೈಯನ್ನು ನೆಕ್ಕಿಕೊಳ್ಳುವುದು ಅದರ ಹುಟ್ಟುಗುಣ. ಬೆಳಿಗ್ಗೆ ಬಳಿದರೆ ಮಧ್ಯಾಹ್ನದೊಳಗೆ ಜೊಲ್ಲು ಸುರಿದು, ನಡುಗಿ, ಸೆಟೆದು ಬೀಳುವುದು. ಬಳಿದ ಕೈಗೂ, ಅದನ್ನು ಅಪ್ಪಿಕೊಂಡ ಮಗುವಿಗೂ ಆ ವಿಷ ತಪ್ಪಿದ್ದಲ್ಲ. ಸೀಮೆಎಣ್ಣೆಯೂ ಚರ್ಮವನ್ನು ಸುಡುತ್ತದೆ. ದಿನವೂ ಸಂಜೆ ಕಿವಿಯ ಒಳಗು, ಬೆರಳ ಸಂದು, ಕತ್ತಿನ ಕೆಳಗು ಇವಿಷ್ಟನ್ನು ನೋಡಿ, ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ ಎಳೆದು ತೆಗೆದು ಸಾಬೂನಿನ ನೀರಿನಲ್ಲಿ ಹಾಕಿದರೆ ಒಂದೆರಡು ಉಣ್ಣೆಗಳ ಕೆಲಸ ಮುಗಿಯಿತು. ಹೆಚ್ಚಾಗಿದ್ದರೆ ಮರಿಯ ವಯಸ್ಸಿಗೆ ತಕ್ಕ ಔಷಧವನ್ನು ದನದ ದವಾಖಾನೆಯಲ್ಲಿ ಕೇಳಬೇಕು. ಬೀಜೋಪಚಾರ ಮಾಡಿದ ಬೀಜ, ಇಲಿಯ ಪಾಷಾಣ, ಕೀಟನಾಶಕದ ಬರಿದಾದ ಡಬ್ಬಿಗಳನ್ನೂ ಮರಿಯ ಬಾಯಿಗೆ ಎಟುಕದಂತೆ ಇಡತಕ್ಕದ್ದು. ಆ ಡಬ್ಬಿಯನ್ನೇ ಕತ್ತರಿಸಿ ನಾಯಿಯ ನೀರಿನ ಪಾತ್ರೆ ಮಾಡುವುದಕ್ಕಿಂತ ಘೋರವಾದ ಮಿತವ್ಯಯವಿಲ್ಲ.

ಲಸಿಕೆಯೇ ಈ ಲೇಖನದ ಮುಖ್ಯ ವಿಷಯ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯು ಆರನೆಯ ವಾರದಿಂದ ಹದಿನಾರನೆಯ ವಾರದವರೆಗೆ ಕ್ರಮೇಣ ಕರಗುತ್ತದೆ. ಆ ಶಕ್ತಿ ಉಳಿದಿರುವಷ್ಟು ಕಾಲ ಲಸಿಕೆಯು ಸರಿಯಾಗಿ ಹತ್ತುವುದಿಲ್ಲ. ಕರಗಿದ ಮೇಲೆ ಲಸಿಕೆಯಿಲ್ಲದಿದ್ದರೆ ರೋಗ ಹತ್ತುತ್ತದೆ. ಡಿಸ್ಟೆಂಪರ್, ಪಾರ್ವೋ ಮೊದಲಾದ ರೋಗಗಳ ಕೂಡುಲಸಿಕೆಯನ್ನು ಆರರಿಂದ ಎಂಟು ವಾರದೊಳಗೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಮರಳಿ ಹಾಕಿಸುವುದಕ್ಕೆ ಇದೇ ಕಾರಣ. ಒಂದು ಸಲ ಚುಚ್ಚಿಸಿ ಆಯಿತೆಂದು ಸುಮ್ಮನಾದವರ ಮರಿಗಳು ನೆತ್ತರುಭೇದಿಯಿಂದ ಸಾಯುವುದು ಅಪರೂಪವಲ್ಲ. ಹುಚ್ಚುರೋಗದ ಲಸಿಕೆಗೆ ಮೂರು ತಿಂಗಳು ತುಂಬಬೇಕು. ವರ್ಷದ ಮೇಲೆ ಮತ್ತೊಮ್ಮೆ, ಅಲ್ಲಿಂದ ಮುಂದೆ ವೈದ್ಯರು ಹೇಳಿದಂತೆ.

ಮನುಷ್ಯರಿಗೆ ಬರುವ ಹುಚ್ಚುರೋಗದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸಂಶಯಾಸ್ಪದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ತೋರಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ವಿಶ್ವ ರೇಬೀಸ್ ದಿನವೆಂದು ಆಚರಿಸುವ ಸೆಪ್ಟೆಂಬರ್ ೨೮ರ ಸಂದರ್ಭದಲ್ಲಿ ಅನೇಕ ಕಡೆ ನಾಯಿಗಳಿಗೆ ಉಚಿತವಾಗಿ ಲಸಿಕೆ ಹಾಕುವುದುಂಟು. ಒಳ್ಳೆಯ ಕೆಲಸವೇ. ಆದರೆ ಪಂಚಾಂಗವನ್ನು ನೋಡಬೇಕು. ಕಾರ್ತಿಕ ಮಾರ್ಗಶಿರಗಳಲ್ಲಿ ಹುಟ್ಟಿದ ಮರಿಗೆ ಮಾಘ ಫಾಲ್ಗುಣಗಳಲ್ಲಿ ಮೂರು ತಿಂಗಳು ತುಂಬುತ್ತದೆ. ಸೆಪ್ಟೆಂಬರಿನ ಶಿಬಿರಕ್ಕೆ ಇನ್ನೂ ಆರು ತಿಂಗಳಿಗಿಂತ ಹೆಚ್ಚು. ಮರಿಯು ಮಕ್ಕಳ ಕೈಯಲ್ಲಿ ಅತಿ ಹೆಚ್ಚಾಗಿ ಇರುವುದೂ, ಆಟದಲ್ಲಿ ಹಲ್ಲು ತಾಗಿಸುವುದೂ, ಬೇಲಿ ನುಸಿದು ಬೀದಿನಾಯಿಗಳೊಡನೆ ಸೇರುವುದೂ ಈ ಆರು ತಿಂಗಳುಗಳಲ್ಲಿಯೇ. ಕಾಲುಬಾಯಿ ಬೇನೆಯ ಲಸಿಕೆಗಾಗಿ ವರ್ಷಕ್ಕೆ ಎರಡು ಸಲ ಊರೂರು ಸುತ್ತುವವರ ಶೀತಪೆಟ್ಟಿಗೆಯಲ್ಲಿಯೇ ಹುಚ್ಚುರೋಗದ ಲಸಿಕೆಯ ಕೆಲವು ಸೀಸೆಗಳೂ ಇದ್ದರೆ, ಬೇರೆ ಗಾಡಿ ಬೇಡ, ಬೇರೆ ಆಳು ಬೇಡ. ಕೊಟ್ಟಿಗೆಯ ದನವನ್ನು ಹಿಡಿದ ಮನೆಯವನೇ ಮರಿಯನ್ನೂ ಹಿಡಿಯುವನು. ಕಾಡಿನಂಚಿನ ಊರುಗಳಲ್ಲಿಯಾದರೂ ಮಾಘದಿಂದ ಚೈತ್ರದೊಳಗಾಗಿ ಒಂದು ಸುತ್ತು ಹೀಗೆ ನಡೆಯಬೇಕು. ಇದು ಆಗದ ಮಾತಲ್ಲವೆಂಬುದಕ್ಕೆ ಜೋಯಿಡಾದ ಗಡಿಯಾಚೆಗಿನ ಗೋವೆಯೇ ಪ್ರಮಾಣ. ಅಲ್ಲಿ ವರ್ಷಕ್ಕೆ ಒಂದು ಲಕ್ಷದ ಸಮೀಪ ನಾಯಿಗಳಿಗೆ ಮನೆಮನೆಗೂ ಬೀದಿಬೀದಿಗೂ ಹೋಗಿ ಲಸಿಕೆ ಹಾಕಿದ ಫಲವಾಗಿ ೨೦೧೮ರಿಂದ ಮೂರು ವರ್ಷ ಹುಚ್ಚುರೋಗದಿಂದ ಒಂದು ಮನುಷ್ಯಮರಣವೂ ವರದಿಯಾಗಲಿಲ್ಲ. ೨೦೨೧ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಅಲ್ಲಿಯವರೆಗೆ ಮರಿಯನ್ನು ಚೀಲದಲ್ಲಿಯೋ ಬುಟ್ಟಿಯಲ್ಲಿಯೋ ಇಟ್ಟುಕೊಂಡು ದವಾಖಾನೆಗೆ ಒಯ್ಯುವುದು ಮನೆಯವರದೇ ಕೆಲಸ. ಲಸಿಕೆಯ ಚೀಟಿಯನ್ನು ಪಡಿತರದ ಚೀಟಿಯ ಜೊತೆಗೆ ಇಡಲಿ. ಲಸಿಕೆಯಾದ ಮರಿಯೇ ಆಗಲಿ, ಹಲ್ಲು ಅಥವಾ ಉಗುರು ತಾಗಿ ಚರ್ಮ ಸೀಳಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನಗಳನ್ನು ಗಾಯಕ್ಕೆ ತುಂಬಿ ಕಾಲಹರಣ ಮಾಡುವುದರಿಂದ ವಿಷಾಣುವಿಗೆ ದಾರಿ ಮಾಡಿಕೊಟ್ಟಂತಾಗುವುದು. ಮರಿಯಲ್ಲವೇ ಎಂದು ಮಕ್ಕಳು ಗಾಯವನ್ನು ಬಚ್ಚಿಡುವರು. ಬಯ್ಯುವ ಮನೆಯಲ್ಲಿ ಇನ್ನೂ ಹೆಚ್ಚಾಗಿ ಬಚ್ಚಿಡುವರು.

ಕಾಡಿನ ಮಾತು ಇನ್ನೂ ಒಂದಿದೆ. ಕಾವಲಿಗೆಂದು ಮರಿಯನ್ನು ರಾತ್ರಿ ಅಂಗಳದ ಗೂಟಕ್ಕೆ ಕಟ್ಟಿಬಿಡುವವರುಂಟು. ಮಹಾರಾಷ್ಟ್ರದ ಅಕೋಲೆ ತಾಲೂಕಿನ ಹೊಲಗಳ ನಡುವೆ ವಾಸಿಸುವ ಚಿರತೆಗಳ ಆಹಾರವನ್ನು ಪರೀಕ್ಷಿಸಿದಾಗ, ತೂಕದ ಲೆಕ್ಕದಲ್ಲಿ ನೂರಕ್ಕೆ ಮೂವತ್ತೊಂಬತ್ತು ಪಾಲು ಸಾಕುನಾಯಿ ಬೀದಿನಾಯಿಗಳೇ ಎಂದು ಕಂಡುಬಂದಿತು. ದಾಂಡೇಲಿಯ ಸೀಮೆಯಲ್ಲಿ ಚಿರತೆಯುಂಟು, ಕರಿಚಿರತೆಯೂ ಉಂಟು. ಕಟ್ಟಿದ ಮರಿಗೆ ಓಡುವ ಉಪಾಯವೂ ಇಲ್ಲ. ಅದು ಕಾವಲು ಕಾಯುವುದಿಲ್ಲ, ಚಿರತೆಯನ್ನು ಬಾಗಿಲಿಗೆ ಕರೆಯುತ್ತದೆ. ವರ್ಷ ತುಂಬುವವರೆಗೆ ರಾತ್ರಿ ಬಾಗಿಲೊಳಗೆ ಅಥವಾ ಭದ್ರವಾದ ಕೊಟ್ಟಿಗೆಯೊಳಗೆ ಇರಿಸತಕ್ಕದ್ದು. ಆಮೇಲೂ ಹಾಗೆಯೇ ಇರಿಸಿದರೆ ನಷ್ಟವಿಲ್ಲ, ಬೊಗಳುವುದು ಒಳಗಿನಿಂದಲೂ ಕೇಳಿಸುತ್ತದೆ. ಇತ್ತ ನಾಯಿಯಿಂದ ಕಾಡಿಗೂ ಅಪಾಯವಿದೆ. ಡಿಸ್ಟೆಂಪರ್ ರೋಗವು ಸೀಳುನಾಯಿ, ನರಿ, ಹುಲಿ, ಚಿರತೆಗಳಿಗೂ ಹತ್ತುವಂಥದು. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಮೂರರಲ್ಲೊಂದು ಪಾಲು ಸಿಂಹಗಳು ಇದರಿಂದ ಅಳಿದವು. ೨೦೧೮ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವುಗಳ ದೇಹದಲ್ಲಿ ಇದೇ ವಿಷಾಣು ಸಿಕ್ಕಿತು. ಅಂಬೇವಾಡಿಯ ಮರಿಗೆ ಹಾಕಿಸಿದ ಲಸಿಕೆಯು ಅಂಬೇವಾಡಿಯಲ್ಲಿಯೇ ನಿಲ್ಲುವುದಿಲ್ಲ.

ಪೇಟೆಯ ಕಡೆ ಈಚೆಗೆ ದಟ್ಟ ತುಪ್ಪಳದ ಶೀತದೇಶದ ತಳಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ತರುವ ಹವ್ಯಾಸ ಬೆಳೆದಿದೆ. ಮೈಯ ತುಪ್ಪಳ ಒಣಗದ ಈ ಮಳೆಸೀಮೆಯಲ್ಲಿ ಅವುಗಳಿಗೆ ಚರ್ಮರೋಗ ತಪ್ಪದು. ಮುಧೋಳದ ನಾಯಿಯು ಕನ್ನಡನಾಡಿನದೇ ಆದರೂ ಬಯಲಿನಲ್ಲಿ ಓಡುವುದಕ್ಕಾಗಿ ಹುಟ್ಟಿದ ತಳಿ. ಅದನ್ನು ಸರಪಳಿಯಲ್ಲಿ ಇಡಬೇಕಾದವರು ತರದಿರುವುದು ಮೇಲು. ಊರುನಾಯಿಯ ಮರಿಯೇ ಒಕ್ಕಲುಮನೆಗೆ ಒಪ್ಪುವುದು.

ಅದರಲ್ಲಿಯೂ ಗಂಡುಮರಿಗಳನ್ನಷ್ಟೇ ಆರಿಸಿ ಒಯ್ದು, ಉಳಿದ ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿಯೋ ಊರಾಚೆಯ ರಸ್ತೆಯಲ್ಲಿಯೋ ಬಿಟ್ಟುಬರುವ ರೂಢಿಯುಂಟು. ನೋವಿಗೂ ಹಸಿವಿಗೂ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಹಾಗೆ ಬಿಟ್ಟ ಮರಿಗಳಲ್ಲಿ ಬದುಕಿದ ಒಂದೆರಡೇ ಮರುವರ್ಷ ಲಸಿಕೆಯಿಲ್ಲದ ನಾಲ್ಕಾರು ಮರಿಗಳನ್ನು ಹಾಕುವುವು. ಬೀದಿಯ ಹಿಂಡು ಬೆಳೆಯುವುದು ಹೀಗೆ. ಹೆಣ್ಣುನಾಯಿಯು ಕಾವಲಿನಲ್ಲಿ ಗಂಡಿಗಿಂತ ಕಡಿಮೆಯಲ್ಲ, ಊರು ಬಿಟ್ಟು ಅಲೆಯುವುದೂ ಕಡಿಮೆ. ಮರಿಯಾಗದಂತೆ ಮಾಡುವ ಶಸ್ತ್ರಕ್ರಿಯೆಯನ್ನು ಮೊದಲ ಬೆದೆಗೆ ಮುಂಚೆ, ಆರು ತಿಂಗಳ ಸುಮಾರಿಗೆ, ವೈದ್ಯರ ಸಲಹೆಯಂತೆ ಮಾಡಿಸಬಹುದು. ಆಮೇಲೆ ಹತ್ತು ದಿನ ಒಣನೆಲದಲ್ಲಿ ಇರಿಸಿ, ಹೊಲಿಗೆಯನ್ನು ನೆಕ್ಕದಂತೆ ಕಾಯಬೇಕಾಗುತ್ತದೆ. ಸುಗ್ಗಿಯ ಮೊದಲಿಗೆ ಹುಟ್ಟಿದ ಮರಿಗೆ ವೈಶಾಖದಲ್ಲಿ ಆ ವಯಸ್ಸು ತುಂಬುವುದರಿಂದ, ಮಳೆ ಹಿಡಿಯುವ ಮೊದಲೇ ಆ ಕೆಲಸವನ್ನು ತೀರಿಸಿಕೊಳ್ಳುವುದು ಈ ಪ್ರಾಂತಕ್ಕೆ ಅನುಕೂಲ.